ಮಂಕು ದೀಪದಲ್ಲಿ ಮೂರು ತಿಂಗಳು

ಮನೆಯ ಗಂಡಸು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರೆ ಎರಡೇ ಕಾರಣ. ಒಂದೋ ಏನೋ ತಪ್ಪು ಮಾಡಿರುತ್ತಾನೆ, ಇಲ್ಲವೇ ಏನಕ್ಕೋ ಹೆದರಿರುತ್ತಾನೆ. ನಮ್ಮೆಜಮಾನರು ತಪ್ಪು ಮಾಡಿದರೆ ಸುಮ್ಮನಿರುವವರಲ್ಲ, ನನ್ನ ಮೇಲೇ ಹಾರಾಡುತ್ತಾರೆ. ಹಾಗಾಗಿ ಅವರು ಎರಡು ದಿನ ತುಟಿ ಬಿಚ್ಚದೆ ಓಡಾಡಿದಾಗ ನನ್ನ ಎದೆ ಧಸಕ್ಕೆಂದಿತು.

ಅವರ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ನಮ್ಮದು ಹನ್ನೆರಡು ವರ್ಷದ ಹಳೆಯ ಕಾರು. ಮಂಗಳವಾರ, ಗುರುವಾರ, ಶನಿವಾರ, ಬೆಳಕು ಹರಿಯುವ ಮೊದಲೇ ಮೂರು ಜನ ಕಿಡ್ನಿ ರೋಗಿಗಳನ್ನು ಅವರವರ ಮನೆಯಿಂದ ಹತ್ತಿಸಿಕೊಂಡು ಡಯಾಲಿಸಿಸ್‌ಗೆ ಬಿಟ್ಟು ಬರುತ್ತಾರೆ. ಮುಂದೆ ಒಬ್ಬರು ಗಣಿತದ ಮೇಷ್ಟ್ರು, ಹಿಂದೆ ಇಬ್ಬರು ಹೆಂಗಸರು. ಯಂತ್ರದ ಮೊದಲ ಪಾಳಿ ಆರು ಗಂಟೆಗೆ. ಆ ಹೊತ್ತಿಗೆ ಬಸ್ಸಿಲ್ಲ, ಬೇರೆ ಗಾಡಿಯವರು ಬರಲು ಒಪ್ಪುವುದಿಲ್ಲ. ಒಂದು ಪಾಳಿ ತಪ್ಪಿದರೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಎರಡು ತಪ್ಪಿದರೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ನಾನು ಹೊಲಿಗೆಯವಳು. ಮುಂದಿನ ಕೋಣೆಯಲ್ಲೇ ನನ್ನ ಯಂತ್ರ, ಕಿಟಕಿಯ ಪಕ್ಕ. ಆ ಕಿಟಕಿಯಿಂದ ಕಾರೂ ಕಾಣುತ್ತದೆ, ಕಾರಿನ ಯಜಮಾನನೂ ಕಾಣುತ್ತಾನೆ. ಮೂರು ತಿಂಗಳಿಂದ ನಾನು ಕಂಡದ್ದು ಇಷ್ಟು: ಅವರು ಮೊದಲಿಗಿಂತ ಅರ್ಧ ಗಂಟೆ ಮುಂಚೆ ಹೊರಡಲು ಶುರುಮಾಡಿದರು. ಕ್ಯಾರೆಟ್ ಕಂಡರೆ ಮುಖ ಕಿವುಚುತ್ತಿದ್ದವರು ದಿನಕ್ಕೆ ನಾಲ್ಕು ಕ್ಯಾರೆಟ್ಟನ್ನು ಕುದುರೆಯ ಹಾಗೆ ಕಟಕಟ ಅಗಿಯತೊಡಗಿದರು. ಸ್ನಾನ ಮಾಡುವಾಗ ಒಳಗಿನಿಂದ ಏನೋ ಬಾಯಿಪಾಠ ಕೇಳಿಸುತ್ತಿತ್ತು. ಕಿವಿಗೊಟ್ಟು ಕೇಳಿದೆ. "ಗೋದಾಮಿನ ಗೋಡೆ, ಎರಡು ಹಳ್ಳ, ಎಡಕ್ಕೆ ತಿರುವು, ಬಾಗಿದ ಕಂಬ, ಉಬ್ಬು, ಮತ್ತೊಂದು ಉಬ್ಬು." ಐವತ್ತೊಂದು ವರ್ಷದ ಮನುಷ್ಯ ಆಸ್ಪತ್ರೆಯ ದಾರಿಯನ್ನು ಮಗ್ಗಿಯ ಹಾಗೆ ಉರು ಹೊಡೆಯುತ್ತಿದ್ದರು! ಇವರಿಗೆ ತಲೆ ಕೆಟ್ಟಿತೇ ಎಂದು ಗಾಬರಿಯಾಯಿತು.

ಗುರುವಾರ ಮಧ್ಯಾಹ್ನ ನಾನು ಅಂಗಡಿಯಿಂದ ದಾರದ ಉಂಡೆ ತರಲು ಹೋಗಿದ್ದೆ. ವಾಪಸ್ ಬಂದು ನೋಡಿದರೆ, ಇವರು ನನ್ನ ಸ್ಟೂಲಿನ ಮೇಲೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಾರೆ. ಮೊದಲ ಸಲಕ್ಕೇ ದಾರ ಒಳಗೆ ಹೋಯಿತು. ಎಳೆದು ತೆಗೆದರು, ಮತ್ತೆ ಪೋಣಿಸಿದರು. ಮತ್ತೆ ತೆಗೆದರು.

"ಏನ್ರೀ ಇದು? ಅಂಗಿ ಗುಂಡಿ ಕಿತ್ತುಹೋಗಿದ್ರೆ ನನಗೆ ಹೇಳ್ಬಾರ್ದಾ?"

ಅವರು ಸೂಜಿಯನ್ನು ಮೇಜಿನ ಮೇಲಿಟ್ಟರು. ಮುಖ ಎತ್ತಲಿಲ್ಲ.

"ನನ್ನ ಕಣ್ಣು ಹೋಗ್ತಾ ಇದೆ ಕಣೇ."

ನಮ್ಮ ಮಾವನವರಿಗೆ ಕಣ್ಣಿನ ಒತ್ತಡದ ಕಾಯಿಲೆ ಇತ್ತು. ಐವತ್ತೆರಡಕ್ಕೆ ಎರಡೂ ಕಣ್ಣು ಕತ್ತಲಾದವು. ಆಮೇಲೆ ಹದಿನಾಲ್ಕು ವರ್ಷ ಗೋಡೆ ಹಿಡಿದುಕೊಂಡೇ ನಡೆದಾಡಿದರು. ಆ ಮನೆಯಲ್ಲಿ ಯಾರಿಗೆ ಕಣ್ಣುರಿ ಬಂದರೂ ಎಲ್ಲರ ಜೀವ ಬಾಯಿಗೆ ಬರುತ್ತಿತ್ತು. ಆ ಹೆದರಿಕೆಯನ್ನು ಇವರು ಚಿಕ್ಕಂದಿನಿಂದಲೂ ಹೊತ್ತುಕೊಂಡೇ ಬಂದವರು.

"ಮೂರು ತಿಂಗಳಾಯ್ತು. ಬೆಳಗಿನ ಜಾವದಲ್ಲಿ ರಸ್ತೆನೇ ಕಾಣಲ್ಲ. ಎಲ್ಲಾ ಮಸುಕು ಮಸುಕು. ದಾರಿ ಬಾಯಿಪಾಠ ಮಾಡ್ಕೊಂಡು ಓಡಿಸ್ತಾ ಇದೀನಿ."

"ಬಾಯಿಪಾಠ ಮಾಡ್ಕೊಂಡ್ರೆ ರಸ್ತೆ ನಿಂತಲ್ಲೇ ನಿಂತಿರುತ್ತೆ. ರಸ್ತೆ ಮೇಲಿನ ಜನ ನಿಂತಿರ್ತಾರೇನ್ರೀ?"

"ಅದೇ ಆಗಿದ್ದು," ಎಂದವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ಮಂಗಳವಾರ. ಕಸ ಗುಡಿಸೋ ಹೆಂಗಸು ತಳ್ಳುಗಾಡಿ ಇಟ್ಕೊಂಡು ರಸ್ತೆ ಅಂಚಲ್ಲಿ ಬಗ್ಗಿದ್ಲು. ಎರಡು ಮಾರು ದೂರ ಇರೋವರೆಗೂ ನನಗೆ ಅವಳು ಕಾಣ್ಲೇ ಇಲ್ಲ. ಬ್ರೇಕ್ ಒತ್ತಿದೆ. ಬಂಪರ್ ಅವಳ ತಳ್ಳುಗಾಡಿಗೆ ತಾಗಿ ನಿಂತಿತು. ಅವಳು ಬೈಯಲಿಲ್ಲ, ಕೂಗಲಿಲ್ಲ. ಸುಮ್ನೆ ನನ್ನನ್ನ ನೋಡಿದ್ಲು. ಅವತ್ತಿಂದ ನಿದ್ದೆ ಇಲ್ಲ ನನಗೆ."

"ಇಷ್ಟೆಲ್ಲಾ ಆದ ಮೇಲೂ ಇವತ್ತು ಬೆಳಿಗ್ಗೆ ಗಾಡಿ ತಗೊಂಡು ಹೋದ್ರಾ?"

"ಹೋಗ್ದೆ? ನಾನು ಬಿಟ್ರೆ ಆ ಮೂರು ಜನ ಸಾಯ್ತಾರೆ. ಬಿಡದೇ ಇದ್ರೆ ನಾನೇ ಯಾರನ್ನಾದ್ರೂ ಸಾಯಿಸ್ತೀನಿ. ಏನ್ ಮಾಡ್ಲಿ ಹೇಳು."

ನನಗೆ ಕೋಪ ಬಂತು. ಮೂರು ತಿಂಗಳು ಪಕ್ಕದಲ್ಲೇ ಮಲಗಿದ್ದ ಮನುಷ್ಯ ಇಷ್ಟು ದೊಡ್ಡ ವಿಷಯವನ್ನು ನುಂಗಿಕೊಂಡಿದ್ದರಲ್ಲ! ಕೋಪದ ಹಿಂದೆ ಹೆದರಿಕೆ. ಶನಿವಾರ ಬರಲು ನಡುವೆ ಒಂದೇ ದಿನ. ನಾಳೆ ಕಣ್ಣಾಸ್ಪತ್ರೆಗೆ ಬರದಿದ್ದರೆ ಕಾರಿನ ಬೀಗದ ಕೈಯನ್ನು ಬಾವಿಗೆ ಎಸೆಯುತ್ತೇನೆ ಎಂದೆ. ನಮ್ಮ ಬೀದಿಯಲ್ಲಿ ಬಾವಿ ಇಲ್ಲ ಎಂದು ಹೇಳುವಷ್ಟು ಧೈರ್ಯವೂ ಅವರಲ್ಲಿ ಉಳಿದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲಿ ಹೋದೆವು. ಕಣ್ಣಿಗೆ ಮದ್ದು ಬಿಟ್ಟರು, ಒತ್ತಡ ಅಳೆದರು, ಒಳಗಿನ ನರ ನೋಡಿದರು. ಗೋಡೆಯ ಮೇಲಿನ ಚಿಕ್ಕ ಅಕ್ಷರ ಓದಿಸಿದರು. ಪ್ರತಿ ಸಲ ಕಣ್ಣಿನ ಡಾಕ್ಟರಮ್ಮ "ಹೂಂ" ಎಂದಾಗಲೂ ಇವರು ನನ್ನ ಮಣಿಕಟ್ಟು ಹಿಡಿದು ಹಿಂಡುತ್ತಿದ್ದರು. ಬೆರಳಿನ ಗುರುತು ಸಂಜೆಯವರೆಗೂ ಹೋಗಲಿಲ್ಲ.

ಕೊನೆಗೆ ಡಾಕ್ಟರಮ್ಮ ಕುರ್ಚಿ ಹಿಂದಕ್ಕೆ ತಳ್ಳಿದರು. "ನಿಮ್ಮ ಕಣ್ಣು ಚೆನ್ನಾಗಿದೆ. ಒತ್ತಡ ಸರಿಯಾಗಿದೆ, ನರ ಸರಿಯಾಗಿದೆ. ತಂದೆಗೆ ಆ ಕಾಯಿಲೆ ಇತ್ತು ಅಂತೀರಲ್ಲ, ಅದಕ್ಕೆ ವರ್ಷಕ್ಕೊಂದು ಸಲ ಬಂದು ತೋರಿಸಿ. ಬೇರೇನೂ ಬೇಡ."

"ಹಾಗಾದ್ರೆ ರಸ್ತೆ ಯಾಕೆ ಕಾಣಲ್ಲ?"

"ಮನೆ ಒಳಗೆ, ಅಂಗಳದಲ್ಲಿ, ಕತ್ತಲಾದ ಮೇಲೆ ಕಾಣುತ್ತಾ?"

"ಅಲ್ಲೆಲ್ಲಾ ಚೆನ್ನಾಗೇ ಕಾಣುತ್ತೆ."

"ಬೇರೆಯವರ ಗಾಡಿಯಲ್ಲಿ ಕೂತಾಗ?"

ಇವರು ಯೋಚಿಸಿದರು. "ನಾನು ಬೇರೆಯವರ ಗಾಡಿಯಲ್ಲಿ ಕೂರೋದೇ ಇಲ್ಲ."

"ನಿಮ್ಮ ಗಾಡಿಯ ದೀಪ ಹೇಗಿದೆ?"

ಅಷ್ಟು ಹೇಳಿದ್ದೇ ತಡ, ಇವರಿಗೆ ರೇಗಿತು. "ನಾನು ಗಾಡೀನ ಮಗು ಥರ ನೋಡ್ಕೊಳ್ತೀನಿ. ದೀಪಾನ ಪ್ರತಿ ಭಾನುವಾರ ಉಜ್ಜಿ ಫಳಫಳ ಮಾಡ್ತೀನಿ" ಎಂದು ಎದ್ದೇಬಿಟ್ಟರು. ಹೊರಗೆ ಬಂದ ಮೇಲೂ ಗೊಣಗಾಟ ನಿಲ್ಲಲಿಲ್ಲ. "ಆ ಯಂತ್ರ ಹಳೇದಿರ್ಬೇಕು. ನಮ್ಮಪ್ಪನಿಗೂ ಮೊದಲ ಸಲ ಏನೂ ಇಲ್ಲ ಅಂತಾನೇ ಹೇಳಿದ್ರು." ಒಳ್ಳೆಯ ಸುದ್ದಿಯನ್ನು ನಂಬಲೂ ಧೈರ್ಯ ಬೇಕಲ್ಲ! ಇವರು ಹೆದರಿಕೆಯನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನಾನು ಮಾತು ಬೆಳೆಸಲಿಲ್ಲ. ಬಸ್ಸಿನಿಂದ ಇಳಿದವಳೇ ನೇರವಾಗಿ ಬಂಪರಕ್ಕನ ಶೆಡ್ಡಿಗೆ ಹೋದೆ.

ಬಂಪರಕ್ಕ ನಮ್ಮ ಬೀದಿಯ ಕೊನೆಯಲ್ಲಿ ಗುದ್ದಿಸಿಕೊಂಡ ಕಾರುಗಳ ತಗ್ಗು ಎತ್ತಿ ಬಣ್ಣ ಹೊಡೆಯುವ ಶೆಡ್ ನಡೆಸುತ್ತಾಳೆ. ಇಪ್ಪತ್ತೈದು ವರ್ಷದ ಕೆಲಸ. ಉಗುರಿನ ಸಂದಿಯಲ್ಲಿ ಯಾವಾಗಲೂ ಯಾವುದೋ ಕಾರಿನ ಬಣ್ಣ ಇದ್ದೇ ಇರುತ್ತದೆ. ನಾನು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಒಂದು ಬಕೆಟ್, ಒಂದು ಚೀಲ ಎತ್ತಿಕೊಂಡು ನನ್ನ ಹಿಂದೆಯೇ ಬಂದಳು. ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ದೀಪದ ಮೇಲೆ ಹೆಬ್ಬೆರಳು ಆಡಿಸಿದಳು.

"ಯಾವ ಪುಣ್ಯಾತ್ಮ ಉಜ್ಜಿದ್ದು ಇದನ್ನ?"

"ನಾನೇ," ಎಂದರು ಇವರು, ಎದೆಯುಬ್ಬಿಸಿ.

"ಏನಲ್ಲಿ?"

"ಟೂತ್‌ಪೇಸ್ಟಲ್ಲಿ."

"ಯಾಕಣ್ಣಾ, ಗಾಡಿಗೆ ಹಲ್ಲು ಬಂದಿದ್ಯಾ?"

ನನಗೆ ನಗು ತಡೆಯಲಾಗಲಿಲ್ಲ. ಇವರ ಮುಖ ಕೆಂಪಾಯಿತು. "ಉಜ್ಜಿದ್ರೆ ಹೊಳಪು ಬರುತ್ತೆ ತಾಯಿ, ಕಣ್ಣಾರೆ ನೋಡಿದೀನಿ."

"ಬರುತ್ತೆ. ಎಷ್ಟು ದಿನ ಇರುತ್ತೆ?"

ಇವರು ಬೆರಳು ಎಣಿಸಿದರು. "ಮೊದಲು ಒಂದು ತಿಂಗಳು ಇರ್ತಿತ್ತು. ಈಗ... ಎರಡೇ ದಿನ."

"ಕೇಳಿ ಇಲ್ಲಿ. ಇದು ಗಾಜಲ್ಲ, ಪ್ಲಾಸ್ಟಿಕ್ಕು. ಹೊಸದಾಗಿ ಬಂದಾಗ ಇದರ ಮೇಲೆ ತೆಳ್ಳಗೆ ಒಂದು ಲೇಪ ಇರುತ್ತೆ, ಬಿಸಿಲು ತಡೆಯೋಕೆ. ವರ್ಷಗಟ್ಟಲೆ ಬಿಸಿಲು ಹೊಡೆದು ಆ ಲೇಪ ಸಾಯುತ್ತೆ. ಆಮೇಲೆ ಪ್ಲಾಸ್ಟಿಕ್ಕೇ ಹಳದಿ ಆಗುತ್ತೆ, ಮಂಕಾಗುತ್ತೆ. ನೀವು ಪ್ರತಿ ವಾರ ತಿಕ್ಕಿ ತಿಕ್ಕಿ ಅಲ್ಪ ಸ್ವಲ್ಪ ಉಳಿದಿದ್ದನ್ನೂ ತೆಗೆದ್ರಿ. ಪ್ರೀತಿಯಿಂದ ಮೈ ತಿಕ್ಕಿ ಚರ್ಮ ಕಿತ್ತ ಹಾಗಾಯ್ತು."

"ಬೆಳಕು ಸಾಲ್ದು ಅಂತ ದೊಡ್ಡ ಬಲ್ಬ್ ಬೇರೆ ಹಾಕಿಸ್ದೆ," ಎಂದರು ಇವರು. ದನಿ ಇಳಿದಿತ್ತು.

"ಅಯ್ಯೋ ರಾಮ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಬಲ್ಬ್ ಯಾವತ್ತೂ ಸರಿ ಇತ್ತು. ಮಂಕಾದ ಮುಚ್ಚಳದ ಹಿಂದೆ ಎಷ್ಟು ದೊಡ್ಡ ಬಲ್ಬ್ ಹಾಕಿದ್ರೂ ಬೆಳಕು ರಸ್ತೆಗೆ ಹೋಗಲ್ಲ, ಎಲ್ಲೆಲ್ಲೋ ಚೆದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತೆ. ಒಳಗಿನ ಕನ್ನಡಿ ಬಿಸಿಗೆ ಸುಟ್ಟುಹೋಗುತ್ತೆ. ಮೊದಲು ಅದನ್ನ ತೆಗೆದು ಗಾಡಿ ಪುಸ್ತಕದಲ್ಲಿ ಬರೆದಿರೋ ಬಲ್ಬ್ ಹಾಕಿ."

ಆಮೇಲೆ ಅವಳು ಟಾರ್ಚು ಬಿಟ್ಟು ದೀಪದ ಒಳಗೆ ಇಣುಕಿದಳು. ಒಳಗೆ ನೀರಿನ ಹನಿ ಇಲ್ಲ, ಬಿರುಕಿಲ್ಲ, ಕನ್ನಡಿ ಇನ್ನೂ ಸುಟ್ಟಿಲ್ಲ. "ನಿಮ್ಮ ಅದೃಷ್ಟ. ಒಳಗೆ ಕೆಟ್ಟಿದ್ರೆ ನಾನು ಹೊರಗೆ ಎಷ್ಟು ತಿಕ್ಕಿದ್ರೂ ದಂಡ, ದೀಪಾನೇ ಬದಲಾಯಿಸ್ಬೇಕಿತ್ತು. ಇದು ಹೊರಗಿನ ಕಾಯಿಲೆ, ವಾಸಿಯಾಗುತ್ತೆ. ಆದ್ರೆ ಈಗ ಒಂದೇ ಕಡೆ ಮಾಡ್ತೀನಿ."

"ಒಂದೇ ಯಾಕೆ?"

"ನಿಮಗೆ ನಂಬಿಕೆ ಇಲ್ಲವಲ್ಲ, ಅದಕ್ಕೆ."

ಸೋಪಿನ ನೀರಲ್ಲಿ ದೀಪ ತೊಳೆದು ಒರೆಸಿದಳು. ಸುತ್ತಲಿನ ಬಣ್ಣಕ್ಕೆ ಗೀರು ಬೀಳದಂತೆ ಅಂಟುಪಟ್ಟಿ ಹಚ್ಚಿದಳು. ಚೀಲದಿಂದ ಉಜ್ಜಿ ನಯ ಮಾಡುವ ಉಪ್ಪುಕಾಗದದ ತುಂಡುಗಳನ್ನು ತೆಗೆದು ಬಕೆಟ್ಟಿನಲ್ಲಿ ನೆನೆಹಾಕಿದಳು. ಕಾಗದದ ಹಿಂದೆ ನಂಬರು ಇರುತ್ತದೆ, ನಂಬರು ಹೆಚ್ಚಾದಷ್ಟೂ ಕಾಗದ ನಯ. ಮೊದಲು ಎಂಟುನೂರರ ಕಾಗದ ಹಿಡಿದು, ನೀರು ಚಿಮುಕಿಸುತ್ತಾ ಅಡ್ಡಡ್ಡ ತಿಕ್ಕಿದಳು. ಗಂಜಿಯಂಥ ಹಳದಿ ನೀರು ಇಳಿಯಿತು. ಒರೆಸಿ ನೋಡಿದರೆ, ದೇವರೇ, ದೀಪ ಹಾಲಿನ ಹಾಗೆ ಬೆಳ್ಳಗಾಗಿತ್ತು! ಮೊದಲು ಮಬ್ಬಾಗಿಯಾದರೂ ಒಳಗಿನ ಬಲ್ಬ್ ಕಾಣುತ್ತಿತ್ತು, ಈಗ ಅದೂ ಇಲ್ಲ.

"ಹಾಳಾಯ್ತು! ಹಾಳು ಮಾಡಿಬಿಟ್ರಲ್ಲ!" ಇವರು ತಲೆ ಚಚ್ಚಿಕೊಂಡರು. "ನಾಳೆ ಬೆಳಿಗ್ಗೆ ನಾಲ್ಕೂ ಮುಕ್ಕಾಲಿಗೆ ಮೇಷ್ಟ್ರು ಗೇಟ್ ಹತ್ರ ನಿಂತಿರ್ತಾರೆ. ನಾನು ಯಾವ ಮುಖ ಇಟ್ಕೊಂಡು ಹೋಗ್ಲಿ?"

ನಿಜ ಹೇಳಬೇಕೆಂದರೆ ನನಗೂ ದಿಗಿಲಾಯಿತು. ಅವಳನ್ನು ಕರೆತಂದವಳು ನಾನೇ.

ಬಂಪರಕ್ಕ ತಲೆ ಎತ್ತದೆ ನನ್ನನ್ನು ಕೇಳಿದಳು. "ನೀನು ಬಟ್ಟೆ ಕತ್ತರಿಸಿ ಹರಡಿದಾಗ ಗಿರಾಕಿ ಬಂದು ಅಂಗಿ ಎಲ್ಲಿ ಅಂದ್ರೆ ಏನಂತೀಯ?"

"ಬಾಯಿ ಮುಚ್ಕೊಂಡು ಸಂಜೆ ಬಾ ಅಂತೀನಿ."

"ಅದನ್ನೇ ನಿನ್ನ ಗಂಡನಿಗೂ ಹೇಳು."

ಅವಳು ಇವರ ಕೈಗೇ ಕಾಗದ ಕೊಟ್ಟಳು. ಸಾವಿರದೈನೂರರದ್ದು, ಈ ಸಲ ಮೇಲಿಂದ ಕೆಳಕ್ಕೆ. ಆಮೇಲೆ ಎರಡು ಸಾವಿರದ್ದು, ಮತ್ತೆ ಅಡ್ಡಡ್ಡ. ಕೊನೆಗೆ ಮೂರು ಸಾವಿರದ್ದು. ಹಿಂದಿನ ಕಾಗದದ ಗೀರು ಪೂರ್ತಿ ಹೋಗುವವರೆಗೆ ಮುಂದಿನದಕ್ಕೆ ಹೋಗುವಂತಿಲ್ಲ, ನೀರು ಆರಲು ಬಿಡುವಂತಿಲ್ಲ. "ಅವಸರ ಮಾಡಿ ನಡುವಿನ ಒಂದು ಕಾಗದ ಬಿಟ್ರಿ ಅಂದ್ರೆ ಗೀರು ಒಳಗೇ ಉಳಿಯುತ್ತೆ," ಎನ್ನುತ್ತಿದ್ದಳು. ಇವರು ಹಲ್ಲು ಕಚ್ಚಿಕೊಂಡು ತಿಕ್ಕಿದರು. ಬೆಳ್ಳನೆಯ ಮಸುಕು ನಿಧಾನವಾಗಿ ತಿಳಿಯಾಗುತ್ತಾ ಬಂತು. ಹೊಳಪಿನ ಪೇಸ್ಟ್ ಹಾಕಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿದಾಗ ಬಲ್ಬು, ಅದರ ಹಿಂದಿನ ಕನ್ನಡಿ, ಕನ್ನಡಿಯ ಅಂಚಿನ ಸಣ್ಣ ಅಕ್ಷರ, ಎಲ್ಲಾ ಕಂಡವು.

"ಆಯ್ತಲ್ಲ!" ಎಂದು ಇವರು ಅಂಟುಪಟ್ಟಿ ಕೀಳಲು ಹೋದರು. ಬಂಪರಕ್ಕ ಕೈ ಮೇಲೆ ಒಂದೇಟು ಕೊಟ್ಟಳು.

"ಎಲ್ಲರೂ ಕೆಡೋದು ಇಲ್ಲೇ. ಹೊಳಪು ಬಂತು ಅಂತ ಎದ್ದು ಹೋಗ್ತಾರೆ. ಈಗ ಇದು ಬರೀ ಮೈಯಲ್ಲಿದೆ. ಬಿಸಿಲು ತಡೆಯೋ ಲೇಪ ಹಾಕದೇ ಬಿಟ್ರೆ ಇಷ್ಟು ಹೊತ್ತು ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಕೆಲವೇ ತಿಂಗಳಲ್ಲಿ ಮತ್ತೆ ಹಳದಿ."

ಸ್ಪಿರಿಟ್ಟಿನಲ್ಲಿ ಒರೆಸಿ, ಪೂರ್ತಿ ಆರಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ತೆಳ್ಳಗೆ ಲೇಪ ಸಿಂಪಡಿಸಿದಳು. ಅದು ಆರುವವರೆಗೆ ಯಾರೂ ಮುಟ್ಟಕೂಡದು, ನಾಳೆಯವರೆಗೆ ನೀರು ಸೋಕಿಸಕೂಡದು ಎಂದಳು. ಬಿಸಿಲಿನಲ್ಲಿ ನಿಲ್ಲುವ ಗಾಡಿಗೆ ಈ ಲೇಪವೂ ಶಾಶ್ವತವಲ್ಲ, ಒಂದೆರಡು ವರ್ಷಕ್ಕೆ ಮತ್ತೆ ನೋಡಿಕೊಳ್ಳಬೇಕು ಎಂದೂ ಹೇಳಿದಳು.

ಸಂಜೆ ಕತ್ತಲಿಳಿಯುವ ಹೊತ್ತಿಗೆ ಇವರ ಕಣ್ಣಿನ ಮದ್ದು ಇಳಿದಿತ್ತು. ಎದುರುಮನೆಯ ಇಟ್ಟಿಗೆ ಗೋಡೆಗೆ ಮುಖ ಮಾಡಿ ಕಾರು ನಿಲ್ಲಿಸಿದರು. ಬಂಪರಕ್ಕ ಹೊಸದಾದ ದೀಪದ ಮುಂದೆ ದಪ್ಪ ರಟ್ಟು ಹಿಡಿದು, "ಹಚ್ಚಿ" ಎಂದಳು. ಹಳೆಯ ದೀಪ ಹತ್ತಿತು. ಗೋಡೆಯ ಮೇಲೆ ಚಹಾ ಚೆಲ್ಲಿದ ಹಾಗೆ ಒಂದು ಕಲೆ. ಅದಕ್ಕೆ ಅಂಚಿಲ್ಲ, ಆಕಾರವಿಲ್ಲ.

"ಇಷ್ಟೇ ಕಾಣೋದು ನನಗೆ. ಇದೇ ನನ್ನ ಕಣ್ಣಿನ ಕಾಯಿಲೆ," ಎಂದರು ಇವರು, ಕಾರಿನೊಳಗಿನಿಂದ.

ಬಂಪರಕ್ಕ ರಟ್ಟನ್ನು ಹಳೆಯ ದೀಪದ ಮುಂದಕ್ಕೆ ಸರಿಸಿದಳು.

ಗೋಡೆಯ ಒಂದೊಂದು ಇಟ್ಟಿಗೆಯೂ ಎದ್ದು ಬಂತು. ಇಟ್ಟಿಗೆಗಳ ನಡುವಿನ ಸಿಮೆಂಟಿನ ಗೆರೆ, ಮೂಲೆಯ ಬಿರುಕು, ಬಿರುಕಿನಿಂದ ಹೊರಟ ಇರುವೆಗಳ ಸಾಲು. ನಾನು ಬಾಗಿಲು ತೆಗೆದೆ. ಇವರು ಸ್ಟೀರಿಂಗ್ ಹಿಡಿದುಕೊಂಡೇ ಅಳುತ್ತಿದ್ದರು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನಾನು ಅದನ್ನು ನೋಡಿದ್ದು ಎರಡನೇ ಸಲ.

"ಕಣ್ಣು ಉಳೀತಲ್ಲ ರೀ, ಈಗ ಯಾಕೆ ಅಳು?"

"ಮೂರು ತಿಂಗಳು ಈ ದೀಪದಲ್ಲಿ ಓಡಿಸಿದೀನಿ ಕಣೇ. ಮೂರು ತಿಂಗಳು. ವಾರ ವಾರ ಇದನ್ನ ನನ್ನ ಕೈಯಾರೆ ಉಜ್ಜುತಿದ್ದೆ. ಆ ಹೆಂಗಸು ಸತ್ತಿದ್ರೆ?"

ಬಂಪರಕ್ಕ ಎರಡನೇ ದೀಪಕ್ಕೆ ಅಂಟುಪಟ್ಟಿ ಹಚ್ಚತೊಡಗಿದಳು. ನಾನು ಟಾರ್ಚ್ ಹಿಡಿದೆ, ಇವರು ತಿಕ್ಕಿದರು, ಅವಳು ಲೇಪ ಸಿಂಪಡಿಸಿದಳು. ಕೊನೆಗೆ ಸರಿಯಾದ ಬಲ್ಬ್ ಹಾಕಿ, ಗೋಡೆಯ ಮೇಲೆ ಎರಡೂ ಬೆಳಕು ಒಂದೇ ಎತ್ತರದಲ್ಲಿ ಬೀಳುವಂತೆ ತಿರುಪು ತಿರುಗಿಸಿಕೊಟ್ಟೇ ಅವಳು ಮನೆಗೆ ಹೋದದ್ದು.

ಶನಿವಾರ ಬೆಳಗಿನ ಜಾವ ನಾನೂ ಕಾರು ಹತ್ತಿದೆ. ಗೋಡೆಯ ಮೇಲೆ ಕಂಡದ್ದು ರಸ್ತೆಯ ಮೇಲೂ ಕಾಣುತ್ತದೋ ಇಲ್ಲವೋ, ನನಗೆ ಇನ್ನೂ ದಿಗಿಲು. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರ ಪಕ್ಕದಲ್ಲಿ ಮುದುಡಿ ಕೂತು, ಮುಂದಿನ ಗಾಜನ್ನೇ ನೋಡುತ್ತಿದ್ದೆ. ರಸ್ತೆಯ ಎರಡೂ ಅಂಚು ಕಂಡವು. ದೂರದಲ್ಲಿ ಬೂಟಿನ ದಾರ ಕಟ್ಟಲು ಬಗ್ಗಿದ್ದ ಒಬ್ಬ ಮನುಷ್ಯ ಕಂಡ. ಇವರು ನಿಧಾನ ಮಾಡಿ, ಅಗಲವಾಗಿ ಬಳಸಿಕೊಂಡು ಹೋದರು. ನಾನು ಉಸಿರು ಬಿಟ್ಟೆ.

ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಂತಿತು. ಇವರು ಎಂಜಿನ್ ಆರಿಸಿ, ಮೇಷ್ಟ್ರ ಕಡೆ ತಿರುಗಿದರು.

"ಮೇಷ್ಟ್ರೇ, ನಿಮಗೆಲ್ಲಾ ಒಂದು ಮಾತು ಹೇಳ್ಬೇಕು. ಮೂರು ತಿಂಗಳಿಂದ ನನಗೆ ದಾರಿ ಸರಿಯಾಗಿ ಕಾಣ್ತಿರ್ಲಿಲ್ಲ. ನಿಮ್ಮಿಂದ ಮುಚ್ಚಿಟ್ಟೆ. ತಪ್ಪಾಯ್ತು."

ಮೇಷ್ಟ್ರು ಇಳಿಯಲಿಲ್ಲ.

"ನಮಗೆ ಗೊತ್ತಿತ್ತಪ್ಪ."

"ಏನು?"

"ಮೂರು ಜನಕ್ಕೂ ಗೊತ್ತಿತ್ತು. ಕೆಳಗೆ ನೋಡು, ನನ್ನ ಕಾಲ ಹತ್ರ."

ಇವರು ಬಗ್ಗಿ ನೋಡಿದರು. ನಾನೂ ಹಿಂದಿನಿಂದ ಕತ್ತು ಚಾಚಿ ನೋಡಿದೆ. ಮೇಷ್ಟ್ರ ಬಲಗಾಲಿನ ಕೆಳಗೆ ಚಾಪೆ ಸವೆದು ತೂತಾಗಿತ್ತು. ಅಡಿಯ ತಗಡು ಕಾಣುತ್ತಿತ್ತು.

"ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನ ಒತ್ತಿಕೊಂಡು ಬರ್ತಿದ್ದೆ," ಎಂದರು ಮೇಷ್ಟ್ರು. "ಹೇಳಿದ್ರೆ ನೀನು ಕೆಲಸ ಬಿಟ್ಟುಬಿಡ್ತೀಯ. ನೀನು ಬಿಟ್ರೆ ನಮಗೆ ಆಸ್ಪತ್ರೆ ಇಲ್ಲ. ಮನೇಲಿ ಸಾಯೋದಕ್ಕಿಂತ ದಾರೀಲಿ ಸತ್ರೂ ಸರಿ ಅಂತ ಮೂವರೂ ಮಾತಾಡ್ಕೊಂಡು ಸುಮ್ಮನಿದ್ವಿ."

ಹಿಂದಿನ ಇಬ್ಬರು ಹೆಂಗಸರೂ ತಲೆ ತಗ್ಗಿಸಿದರು. ನನ್ನ ಪಕ್ಕದಲ್ಲಿದ್ದವಳು ನನ್ನ ಕೈ ಹಿಡಿದುಕೊಂಡಳು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಓದಿಸಿಕೊಂಡು ಕೇಳುತ್ತಿರುವ ಅಮ್ಮ, ಒಂದು ಕಾರಿನಲ್ಲಿ ನಾಲ್ಕು ಜನ ಮೂರು ತಿಂಗಳು ಸಾವಿಗೆ ಹೆದರಿ ಕೂತಿದ್ದರು, ಒಬ್ಬರೂ ಬಾಯಿ ಬಿಡಲಿಲ್ಲ. ವಾಸಿಯಾಗಲು ಬೇಕಾದದ್ದು ಒಂದು ಮಧ್ಯಾಹ್ನ, ನಾಲ್ಕು ತುಂಡು ಕಾಗದ, ಒಂದು ಬಕೆಟ್ ನೀರು, ಒಂದು ತೆಳು ಲೇಪ. ಇವತ್ತು ಕತ್ತಲಾಗುವ ಮೊದಲೇ ಹೋಗಿ ನಿಮ್ಮ ಗಾಡಿಯ ದೀಪ ಮುಟ್ಟಿ ನೋಡಿ. ಹಳದಿಯಾಗಿದ್ದರೆ, ಮಂಕಾಗಿದ್ದರೆ, ಬೆರಳಿಗೆ ಒರಟಾಗಿದ್ದರೆ ನಾಳೆಗೆ ಮುಂದೂಡಬೇಡಿ. ನೀವೇ ಮಾಡಿದರೂ ಸರಿ, ಬಲ್ಲವರಿಂದ ಮಾಡಿಸಿದರೂ ಸರಿ, ಕೊನೆಯ ಲೇಪ ಮರೆಯಬೇಡಿ. ಕಣ್ಣನ್ನೂ ವರ್ಷಕ್ಕೊಮ್ಮೆ ತೋರಿಸಿಕೊಳ್ಳಿ. ಗಾಡಿ ನಿಮ್ಮದಲ್ಲವೇ? ಬರೀ ಪಕ್ಕದ ಸೀಟಿನಲ್ಲಿ ಕೂತು ಹೋಗುವವರೇ? ಹಾಗಾದರೆ ಈ ಮಾತು ಮುಖ್ಯವಾಗಿ ನಿಮಗೇ. ನಿಮ್ಮ ಕಾಲು ತಾನಾಗಿಯೇ ನೆಲ ಒತ್ತುತ್ತಿದೆಯೆಂದರೆ ಸಂಕೋಚ ಬೇಡ, ಗಾಡಿ ನಿಲ್ಲಿಸಲು ಹೇಳಿ, ಇಬ್ಬರೂ ಕೆಳಗಿಳಿದು ಮುಂದಿನ ದೀಪ ನೋಡಿ.